ಫೂರಿಯೇ ಮಹಾಶಯನೂ ನಮ್ಮಜ್ಜಿಯ ಕಿವಿಯೂ

ಯುರೋಪಿನ ಇತಿಹಾಸದ ತರಗತಿಯಲ್ಲಿ ನೆಪೋಲಿಯನ್ನನ ಈಜಿಪ್ಟ್ ದಂಡಯಾತ್ರೆಯ ಪಾಠ ನಡೆಯುತ್ತಿದ್ದಾಗ ಒಂದು ಹೆಸರು ಬಂದು ಹೋಯಿತು. ಆ ಸೈನ್ಯದ ಜೊತೆಯಲ್ಲಿ ನೂರೈವತ್ತಕ್ಕೂ ಹೆಚ್ಚು ಮಂದಿ ವಿದ್ವಾಂಸರು ಹೋಗಿದ್ದರೆಂದೂ, ಅವರು ಕೈರೋ ನಗರದಲ್ಲಿ ಕಟ್ಟಿಕೊಂಡ ವಿದ್ವತ್ಸಂಸ್ಥೆಗೆ ಜೋಸೆಫ್ ಫೂರಿಯೇ ಎಂಬ ಗಣಿತಜ್ಞನು ಕಾರ್ಯದರ್ಶಿಯಾಗಿದ್ದನೆಂದೂ ನಮ್ಮ ಉಪನ್ಯಾಸಕರು ಹೇಳಿದರು. ನಾನು ಆ ಹೆಸರನ್ನು ಟಿಪ್ಪಣಿಯ ಅಂಚಿನಲ್ಲಿ ಬರೆದುಕೊಂಡೆ. ಪರೀಕ್ಷೆಗೆ ಬರತಕ್ಕದ್ದಲ್ಲವೆಂದು ತೋರಿದ್ದರಿಂದ ಮರೆತೂಬಿಟ್ಟೆ.

ಅದೇ ಹೆಸರನ್ನು ಎರಡನೆಯ ಸಲ ಕೇಳಿದ್ದು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ, ಅಜ್ಜಿಯ ಪಕ್ಕದಲ್ಲಿ ಬೆಂಚಿನ ಮೇಲೆ ಕುಳಿತಿದ್ದಾಗ. ಎಪ್ಪತ್ತು ದಾಟಿದ ಮೇಲೆ ಅಜ್ಜಿಯ ಕಿವಿ ಮಂದವಾಯಿತು. ಮಂದವೆಂದರೆ ಏನೂ ಕೇಳದೆಂದಲ್ಲ. ಎಮ್ಮೆ ಕೂಗಿದರೆ ಕೇಳುತ್ತದೆ, ಗುಡುಗಿದರೆ ಕೇಳುತ್ತದೆ, ಜನ ಮಾತನಾಡುತ್ತಿದ್ದಾರೆಂಬುದೂ ಕೇಳುತ್ತದೆ. ಏನು ಮಾತನಾಡಿದರೆಂಬುದು ಮಾತ್ರ ತಿಳಿಯದು. ಸಕಾರ, ಶಕಾರ, ತಕಾರಗಳು ಅವಳಿಗೆ ಎಲ್ಲಿಯೋ ಸೋರಿಹೋಗುತ್ತಿದ್ದವು. ಶಾಲೆಯ ವಿಷಯ ಎತ್ತಿದರೆ ಹಾಲು ಉಕ್ಕಿತೆಂದು ಒಲೆಯ ಕಡೆಗೆ ಏಳುವಳು. ನಾವು ನಗುತ್ತಿದ್ದೆವು, ಈಗ ಅದನ್ನು ನೆನೆದರೆ ನಾಚಿಕೆಯಾಗುತ್ತದೆ. ಮೊದಲು ಪೇಟೆಯ ಅಂಗಡಿಯೊಂದರಿಂದ ಒಂದು ಕಿವಿಯಂತ್ರ ತಂದುಕೊಟ್ಟೆವು. ಅದು ಎಲ್ಲವನ್ನೂ ಒಂದೇ ಸಮನೆ ಜೋರು ಮಾಡಿತು. ಪಾತ್ರೆ ಬಿದ್ದರೆ ಅಜ್ಜಿ ಹೌಹಾರಿ ಕೂರುವಳು. ಮಾತು ಮಾತ್ರ ಮೊದಲಿನಂತೆಯೇ ಮಬ್ಬು. ಎಂಟು ದಿನದಲ್ಲಿ ಅದು ಅವಳ ಟ್ರಂಕಿನೊಳಗೆ ಹಳೆಯ ಸೀರೆಯ ಕೆಳಗೆ ಸೇರಿತು.

ಮೈಸೂರಿನಲ್ಲಿ ಅವಳ ಕಿವಿಯನ್ನು ಪರೀಕ್ಷಿಸಿದ ತಜ್ಞೆಯವರು, ಕಾಗದದ ಮೇಲೆ ಎಡದಿಂದ ಬಲಕ್ಕೆ ಇಳಿಯುವ ಒಂದು ಗೆರೆಯನ್ನು ತೋರಿಸಿದರು. ತಗ್ಗಿನ ಸ್ವರಗಳು ಅಜ್ಜಿಗೆ ಹೆಚ್ಚು ಕಡಿಮೆ ಸರಿಯಾಗಿ ಕೇಳುತ್ತವೆ. ಎತ್ತರದ ಸ್ವರಗಳು ಕೇಳುವುದಿಲ್ಲ. ಅಕಾರ ಉಕಾರಗಳ ಬಲವೆಲ್ಲ ತಗ್ಗಿನಲ್ಲಿದೆ. ಸಕಾರದ ಸೀಟಿಯಾದರೋ ಸೆಕೆಂಡಿಗೆ 4,000 ಕಂಪನಗಳಿಗೂ ಮೇಲೆ. ಆದ್ದರಿಂದ ಕೂಗಿ ಹೇಳಿ ಪ್ರಯೋಜನವಿಲ್ಲ. ಈಗಿನ ಯಂತ್ರದೊಳಗೆ ಒಂದು ಪುಟ್ಟ ಕಂಪ್ಯೂಟರ್ ಇದೆಯೆಂದೂ, ಅದು ಬರುವ ಶಬ್ದವನ್ನು ಆಗಿಂದಾಗಲೇ ಬಿಡಿಸಿ, ಅಜ್ಜಿಗೆ ಕೇಳದ ಭಾಗವನ್ನು ಮಾತ್ರ ಎತ್ತಿ, ಮತ್ತೆ ಕೂಡಿಸಿ ಕಿವಿಗೆ ಬಿಡುತ್ತದೆಂದೂ ಅವರು ವಿವರಿಸಿದರು. ಆಡುವವರ ತುಟಿ ಮುಚ್ಚುವುದರೊಳಗೆ ಇಷ್ಟೂ ನಡೆಯುವುದು ಹೇಗೆಂದು ಕೇಳಿದ್ದಕ್ಕೆ, ಅದರ ಬೇರು ಫೂರಿಯೇ ಎಂಬವನ ಗಣಿತದಲ್ಲಿದೆಯೆಂದು ಹೇಳಿ ಮುಂದಿನ ರೋಗಿಯನ್ನು ಕರೆದರು.

ಆ ಫೂರಿಯೇ, ಈ ಫೂರಿಯೇ ಒಬ್ಬನೆಯೋ? ಊರಿಗೆ ಬಂದವನೇ ಎನ್ನುವ ಹಾಗೆ ನೇರವಾಗಿ ನಮ್ಮ ಕಾಲೇಜಿನ ಪುಸ್ತಕಭಂಡಾರಕ್ಕೆ ಹೋದೆ. ಒಬ್ಬನೇ! ಗಣಿತ ವಿಭಾಗದ ಉಪನ್ಯಾಸಕರು ಎರಡು ಸಂಜೆ ನನ್ನನ್ನು ಕೂರಿಸಿಕೊಂಡು ಕರಿಹಲಗೆಯ ಮೇಲೆ ಬರೆದು ತೋರಿಸಿದರು. ನನಗೆ ಅರ್ಥವಾದಷ್ಟನ್ನು ಮಾತ್ರ ಇಲ್ಲಿ ಹೇಳುತ್ತೇನೆ.

ಜೋಸೆಫ್ ಫೂರಿಯೇ ಹುಟ್ಟಿದ್ದು 1768ನೆಯ ಇಸವಿ ಮಾರ್ಚಿ 21ರಂದು, ಫ್ರಾನ್ಸ್ ದೇಶದ ಬರ್ಗಂಡಿ ಪ್ರಾಂತದ ಓಸೇರ್ ಎಂಬ ಊರಿನಲ್ಲಿ. ತಂದೆ ದರ್ಜಿ. ತಂದೆಯ ಎರಡನೆಯ ಮದುವೆಯ ಹನ್ನೆರಡು ಮಕ್ಕಳಲ್ಲಿ ಇವನು ಒಂಬತ್ತನೆಯವನು. ಹುಡುಗನಿಗೆ ಒಂಬತ್ತು ವರ್ಷವಾದಾಗ ತಾಯಿಯೂ, ಮರುವರ್ಷವೇ ತಂದೆಯೂ ತೀರಿಕೊಂಡರು. ಅನಾಥ ಬಾಲಕನನ್ನು ಊರಿನ ಸೈನಿಕ ಶಾಲೆಗೆ ಸೇರಿಸಲಾಯಿತು. ಆ ಶಾಲೆಯನ್ನು ನಡೆಸುತ್ತಿದ್ದವರು ಬೆನೆಡಿಕ್ಟೀನ್ ಪಂಥದ ಸಂನ್ಯಾಸಿಗಳು. ಹದಿಮೂರನೆಯ ವಯಸ್ಸಿಗೆ ಅವನಿಗೆ ಗಣಿತದ ಹುಚ್ಚು ಹಿಡಿಯಿತು. ಹಗಲು ಉರಿದು ಉಳಿದ ಮೇಣದ ಬತ್ತಿಯ ತುಂಡುಗಳನ್ನು ಆಯ್ದಿಟ್ಟುಕೊಂಡು, ಎಲ್ಲರೂ ಮಲಗಿದ ಮೇಲೆ ಅವುಗಳ ಬೆಳಕಿನಲ್ಲಿ ಲೆಕ್ಕ ಮಾಡುತ್ತಿದ್ದನೆಂದು ಅವನ ಚರಿತ್ರಕಾರರು ಹೇಳುತ್ತಾರೆ. ಹದಿನಾಲ್ಕು ತುಂಬುವುದರೊಳಗೆ ಬೆಜೂ ಎಂಬವನ ಆರು ಸಂಪುಟಗಳ ಗಣಿತ ಪಾಠವನ್ನು ಮುಗಿಸಿದ್ದನಂತೆ.

ಇಂಥ ಹುಡುಗನು ಫಿರಂಗಿ ದಳಕ್ಕೆ ಅರ್ಜಿ ಹಾಕಿದನು. ಆ ದಳದಲ್ಲಿ ಲೆಕ್ಕ ಬಲ್ಲವರಿಗೆ ಕೆಲಸವಿತ್ತು. ಆದರೆ ಅವನು ಕುಲೀನ ವಂಶದವನಲ್ಲ, ಅರ್ಜಿ ತಿರಸ್ಕೃತವಾಯಿತು. ಗುಂಡು ಎಲ್ಲಿ ಹೋಗಿ ಬೀಳುವುದೆಂದು ಲೆಕ್ಕ ಹಾಕುವುದಕ್ಕೂ ತಾತನ ಹೆಸರಿಗೂ ಏನು ಸಂಬಂಧವೋ! ಬೇರೆ ದಾರಿ ಕಾಣದೆ 1787ರಲ್ಲಿ ಅವನು ಲ್ವಾರ್ ನದಿಯ ದಡದ ಸೇಂಟ್ ಬೆನ್ವಾ ಮಠವನ್ನು ಸೇರಿ ಸಂನ್ಯಾಸಕ್ಕೆ ಸಿದ್ಧನಾದನು. ಮಠದಲ್ಲಿಯೂ ಮನಸ್ಸು ಸಮೀಕರಣಗಳ ಮೇಲೆಯೇ. 1789ರಲ್ಲಿ ದೀಕ್ಷೆ ತೆಗೆದುಕೊಳ್ಳದೆ ಹೊರಗೆ ಬಂದು, ಪ್ಯಾರಿಸಿನ ವಿಜ್ಞಾನ ಅಕಾಡೆಮಿಯ ಮುಂದೆ ಬೀಜಗಣಿತದ ಒಂದು ಪ್ರಬಂಧವನ್ನು ಓದಿದನು. ಆ ವರ್ಷ ಫ್ರಾನ್ಸಿನಲ್ಲಿ ಏನಾಯಿತೆಂದು ವಾಚಕರಿಗೆ ಹೇಳಬೇಕಾಗಿಲ್ಲ.

ಕ್ರಾಂತಿಯು ಇವನಂಥವರಿಗೆ ಬಾಗಿಲನ್ನೂ ತೆರೆಯಿತು, ಸೆರೆಮನೆಯನ್ನೂ ತೋರಿಸಿತು. ಓಸೇರಿನ ಹಳೆಯ ಶಾಲೆಯಲ್ಲಿಯೇ ಉಪಾಧ್ಯಾಯನಾಗಿದ್ದವನು 1793ರಲ್ಲಿ ಸ್ಥಳೀಯ ಕ್ರಾಂತಿ ಸಮಿತಿಯನ್ನು ಸೇರಿದನು. ಓರ್ಲೆಯಾನ್ ಪಟ್ಟಣದ ಕಕ್ಷಿಗಳ ಜಗಳದಲ್ಲಿ ಸಿಕ್ಕಿಕೊಂಡು 1794ರ ಜುಲೈ ತಿಂಗಳಲ್ಲಿ ಸೆರೆಯಾದನು. ಆಗಿನ ಕಾಲದಲ್ಲಿ ಸೆರೆಮನೆಯಿಂದ ಗಿಲೋಟಿನ್ನಿಗೆ ದೂರ ಬಹಳವಿರಲಿಲ್ಲ. ಅಷ್ಟರಲ್ಲಿ, ಜುಲೈ 28ರಂದು, ರೋಬೆಸ್ಪಿಯರನ ತಲೆಯೇ ಉರುಳಿತು, ಫೂರಿಯೇ ಬದುಕಿಕೊಂಡನು. ಮರುವರ್ಷ ಅವನನ್ನು ಮತ್ತೆ ಹಿಡಿದರು, ಈ ಸಲ ರೋಬೆಸ್ಪಿಯರನ ಕಡೆಯವನೆಂಬ ಆಪಾದನೆಯ ಮೇಲೆ! ಈ ಎರಡು ಸೆರೆಗಳ ನಡುವೆ ಅವನು ಪ್ಯಾರಿಸಿನಲ್ಲಿ ಹೊಸದಾಗಿ ತೆರೆದ ಉಪಾಧ್ಯಾಯರ ಶಾಲೆಯಲ್ಲಿ ವಿದ್ಯಾರ್ಥಿಯಾಗಿ ಲಗ್ರಾಂಜ್, ಲಪ್ಲಾಸ್, ಮೋಂಜ್ ಎಂಬ ಮಹಾಮಹಿಮರ ಪಾಠ ಕೇಳಿದನು. 1797ರ ವೇಳೆಗೆ ಎಕೋಲ್ ಪಾಲಿಟೆಕ್ನಿಕ್ಕಿನಲ್ಲಿ ಲಗ್ರಾಂಜನ ಪೀಠವೇ ಇವನದಾಯಿತು. ಈ ಲಗ್ರಾಂಜನ ಹೆಸರನ್ನು ವಾಚಕರು ನೆನಪಿಟ್ಟುಕೊಳ್ಳಬೇಕು.

1798ರಲ್ಲಿ ಈಜಿಪ್ಟ್. ನಮ್ಮ ನಾಡಿನ ಚರಿತ್ರೆಗೂ ಆ ದಂಡಯಾತ್ರೆಗೂ ಒಂದು ಎಳೆಯ ನಂಟುಂಟು. ನೆಪೋಲಿಯನ್ನನು 1799ರ ಜನವರಿಯಲ್ಲಿ ಕೈರೋದಿಂದ ಟೀಪು ಸುಲ್ತಾನನಿಗೆ ಒಂದು ಪತ್ರ ಬರೆದನು. ಅದು ಬ್ರಿಟಿಷರ ಕೈಗೆ ಬಿದ್ದಿತು. ಅದೇ ಮೇ 4ರಂದು ಶ್ರೀರಂಗಪಟ್ಟಣವೂ ಬಿದ್ದಿತು. ಆ ಪತ್ರ ಹೊರಟ ಊರಿನಲ್ಲಿಯೇ ಫೂರಿಯೇ ಕುಳಿತು ವಿದ್ವಾಂಸರ ವರದಿಗಳನ್ನು ಜೋಡಿಸುತ್ತಿದ್ದನು. ನೆಪೋಲಿಯನ್ನನು ಸೈನ್ಯವನ್ನು ಅಲ್ಲಿಯೇ ಬಿಟ್ಟು ಫ್ರಾನ್ಸಿಗೆ ಹಿಂದಿರುಗಿದ ಮೇಲೂ ಇವನು 1801ರವರೆಗೆ ಉಳಿದನು. ಅಲ್ಲಿನ ಬಿಸಿಲು ಅವನ ಮೈಗೆ ಎಷ್ಟು ಹಿಡಿಸಿತೆಂದರೆ, ಮುಂದೆ ಜೀವಮಾನವೆಲ್ಲ ಕೋಣೆಯನ್ನು ಕುಲುಮೆಯಂತೆ ಕಾಯಿಸಿಕೊಂಡು, ಬಟ್ಟೆಯ ಮೇಲೆ ಬಟ್ಟೆ ಹೊದ್ದು ಕೂರುತ್ತಿದ್ದನು. ಶಾಖವೇ ಆರೋಗ್ಯವೆಂದು ಅವನ ನಂಬಿಕೆ.

ಹಿಂದಿರುಗಿದವನಿಗೆ ಕಾಲೇಜಿನ ಪೀಠದಲ್ಲಿ ಕುಳಿತಿರುವ ಆಸೆ. ನೆಪೋಲಿಯನ್ನನು ಬಿಡಲಿಲ್ಲ, ಗ್ರೆನೋಬಲ್ ಪಟ್ಟಣವನ್ನು ಕೇಂದ್ರವಾಗುಳ್ಳ ಇಸೇರ್ ಜಿಲ್ಲೆಗೆ ಅಧಿಕಾರಿಯನ್ನಾಗಿ ಕಳುಹಿಸಿದನು. ನಮ್ಮ ಕಡೆಯ ಜಿಲ್ಲಾಧಿಕಾರಿಗಳ ಕೆಲಸವೆಂದೇ ತಿಳಿಯಬಹುದು. ಬೂರ್ಗ್ವಾನ್ ಎಂಬಲ್ಲಿನ ಜೌಗು ನೆಲವನ್ನು ಬತ್ತಿಸಬೇಕಾಗಿತ್ತು; ಅದಕ್ಕೆ ಸುತ್ತಣ ಹಲವಾರು ಹಳ್ಳಿಯವರು ಒಪ್ಪಬೇಕಾಗಿತ್ತು. ಹಳ್ಳಿಯ ಜಮೀನಿನ ವ್ಯಾಜ್ಯ ಕಂಡವರಿಗೆ ಆ ಕಷ್ಟ ಗೊತ್ತು. ಫೂರಿಯೇ ಅದನ್ನು ಸಾಧಿಸಿದನು. ಟ್ಯೂರಿನ್ನಿಗೆ ಹೋಗುವ ಬೆಟ್ಟದ ರಸ್ತೆಯ ಕೆಲಸವನ್ನೂ ನಡೆಸಿದನು. ಈಜಿಪ್ಟಿನ ವಿವರಣೆಯೆಂಬ ಮಹಾಗ್ರಂಥಕ್ಕೆ ಚಾರಿತ್ರಿಕ ಪೀಠಿಕೆಯನ್ನು ಬರೆದನು. ಗ್ರೆನೋಬಲ್ಲಿನಲ್ಲಿ ಓದುತ್ತಿದ್ದ ಶಾಂಪೋಲಿಯನ್ ಎಂಬ ಹುಡುಗನಿಗೆ ಈಜಿಪ್ಟಿನ ಆಸೆ ಹತ್ತಿಸಿದವರಲ್ಲಿ ಇವನೊಬ್ಬನು. ಅವನನ್ನು ಸೈನ್ಯಕ್ಕೆ ಎಳೆದುಕೊಂಡು ಹೋಗದಂತೆ ತಪ್ಪಿಸಿದವನೂ ಇವನೇ. ಆ ಹುಡುಗನೇ ಮುಂದೆ 1822ರಲ್ಲಿ ಈಜಿಪ್ಟಿನ ಚಿತ್ರಲಿಪಿಯನ್ನು ಓದಿದನು.

ಇಷ್ಟು ಕಚೇರಿ ಕೆಲಸದ ನಡುವೆ, ಬಿಡುವಿನ ವೇಳೆಯಲ್ಲಿ, ಫೂರಿಯೇ ಶಾಖ ಹೇಗೆ ಹರಡುತ್ತದೆಂಬ ಪ್ರಶ್ನೆಯನ್ನು ಹಿಡಿದನು. ಗಾಡಿಯ ಗಾಲಿಗೆ ಹಾಕುವ ಪಟ್ಟಿಯಂಥ ಒಂದು ಕಬ್ಬಿಣದ ಬಳೆ. ಅದರ ಒಂದು ಭಾಗವನ್ನು ಬೆಂಕಿಯಲ್ಲಿ ಕಾಯಿಸಿ ತೆಗೆದರೆ, ಬಿಸಿ ನಿಧಾನವಾಗಿ ಸುತ್ತಲೂ ಹರಿದು ಎಲ್ಲ ಕಡೆ ಸಮವಾಗುತ್ತದೆ. ಯಾವ ಕ್ಷಣದಲ್ಲಿ ಯಾವ ಜಾಗ ಎಷ್ಟು ಬಿಸಿ? ಲೆಕ್ಕ ಬಹಳ ತೊಡಕು. ಫೂರಿಯೇ ಕಂಡುಕೊಂಡ ಉಪಾಯವಿದು: ಮೊದಲ ಕ್ಷಣದ ಆ ಓರೆಕೋರೆಯಾದ ಬಿಸಿಯನ್ನು ಶುದ್ಧವಾದ ಅಲೆಗಳ ಮೊತ್ತವೆಂದು ಭಾವಿಸುವುದು. ಒಂದು ದೊಡ್ಡ ಅಲೆ, ಅದರ ಎರಡರಷ್ಟು ಬೇಗ ಏರಿಳಿಯುವ ಇನ್ನೊಂದು, ಮೂರರಷ್ಟು ಬೇಗದ ಮತ್ತೊಂದು, ಹೀಗೆ. ಒಂದೊಂದೇ ಅಲೆಯನ್ನು ತೆಗೆದುಕೊಂಡರೆ ಲೆಕ್ಕ ಹಗುರ. ಅದು ತನ್ನ ಆಕಾರ ಕೆಡಿಸಿಕೊಳ್ಳದೆ ತಾನಾಗಿ ತಗ್ಗುತ್ತ ಹೋಗುತ್ತದೆ, ಸಣ್ಣ ಅಲೆಗಳು ಬೇಗ, ದೊಡ್ಡವು ತಡವಾಗಿ. ಆಮೇಲೆ ಎಲ್ಲವನ್ನೂ ಕೂಡಿಸಿದರೆ ಉತ್ತರ ಸಿಕ್ಕಿತು.

ಆದರೆ ಯಾವ ಅಲೆ ಎಷ್ಟಿದೆಯೆಂದು ತಿಳಿಯುವುದೆಂತು? ನಮ್ಮಜ್ಜಿ ಯಾರ ಮನೆಯ ಸಾರನ್ನಾದರೂ ಒಂದು ಗುಟುಕು ಕುಡಿದು, ಕೊತ್ತಂಬರಿ ಇಷ್ಟು, ಮೆಂತ್ಯ ಒಂದು ಚಿಟಿಕೆ ಹೆಚ್ಚಾಯಿತು ಎಂದು ಹೇಳಬಲ್ಲಳು. ಕೂಡಿದ್ದನ್ನು ನಾಲಗೆಯ ಮೇಲೆ ಬಿಡಿಸುವ ಶಕ್ತಿ ಅವಳದು. ಫೂರಿಯೇಯ ಗಣಿತಕ್ಕೂ ಅಂಥದೊಂದು ನಾಲಗೆಯುಂಟು. ಕೈಯಲ್ಲಿರುವ ಓರೆಕೋರೆ ಗೆರೆಯನ್ನು, ಹುಡುಕಬೇಕಾದ ಶುದ್ಧ ಅಲೆಯಿಂದ ಅಂಗುಲ ಅಂಗುಲಕ್ಕೂ ಗುಣಿಸಿ, ಬಂದದ್ದನ್ನೆಲ್ಲ ಕೂಡಬೇಕು. ಗೆರೆಯಲ್ಲಿ ಆ ಅಲೆ ಇದ್ದರೆ ಏರಿಗೆ ಏರು, ಇಳಿತಕ್ಕೆ ಇಳಿತ ಸೇರಿ ಮೊತ್ತ ಬೆಳೆಯುತ್ತದೆ. ಇಲ್ಲದಿದ್ದರೆ ಕೂಡುವುದೂ ಕಳೆಯುವುದೂ ಒಂದನ್ನೊಂದು ತಿಂದುಹಾಕಿ ಸೊನ್ನೆ ಉಳಿಯುತ್ತದೆ.

1807ನೆಯ ಡಿಸೆಂಬರ್ 21ರಂದು ಈ ಪ್ರಬಂಧವನ್ನು ಪ್ಯಾರಿಸಿನ ವಿದ್ವತ್ಸಂಸ್ಥೆಯ ಮುಂದೆ ಇಟ್ಟರು. ಪರೀಕ್ಷಕರು ಲಗ್ರಾಂಜ್, ಲಪ್ಲಾಸ್, ಮೋಂಜ್, ಲಕ್ರ್ವಾ. ಹೆಚ್ಚಿನವರು ಇವನ ಗುರುಗಳೇ. ಲಗ್ರಾಂಜನು ಒಪ್ಪಲಿಲ್ಲ. ಅವನ ಆಕ್ಷೇಪಣೆ ಹಟದ್ದೆಂದು ನನಗೆ ತೋರುವುದಿಲ್ಲ. ಚೂಪಾದ ಮೂಲೆಯುಳ್ಳ, ನಡುವೆ ಹಾರಿ ಬೀಳುವ ಗೆರೆಯೂ ನುಣುಪಾದ ಅಲೆಗಳ ಮೊತ್ತವೆಂದು ಇವನು ಹೇಳುತ್ತಾನೆ, ಅದು ಸಾಧ್ಯವೆ? ಮಿಡಿದ ತಂತಿಯ ವಿಷಯದಲ್ಲಿ ಇದೇ ಪ್ರಶ್ನೆಯು ಹಿಂದಿನ ತಲೆಮಾರಿನಲ್ಲಿ ಡಾನಿಯೆಲ್ ಬರ್ನೌಲಿಗೂ ಆಯ್ಲರನಿಗೂ ದಾಲಂಬೇರನಿಗೂ ಜಗಳ ತಂದಿತ್ತು. ಯುವಕನಾಗಿದ್ದ ಲಗ್ರಾಂಜನೂ ಅದರಲ್ಲಿ ಪಾಲುಗೊಂಡಿದ್ದನು. ಫೂರಿಯೇ ಉತ್ತರವನ್ನು ಮುಟ್ಟಿದ್ದನು. ಸಾಧನೆಯನ್ನು ಪೂರ್ತಿ ಕಟ್ಟಿರಲಿಲ್ಲ. ಪ್ರಬಂಧ ಅಚ್ಚಾಗಲಿಲ್ಲ. 1811ರ ಬಹುಮಾನಕ್ಕೆ ಸಂಸ್ಥೆಯು ಅದೇ ವಿಷಯವನ್ನು ಸಾರಿದಾಗ ಫೂರಿಯೇ ಪ್ರಬಂಧವನ್ನು ಬೆಳೆಸಿ ಮತ್ತೆ ಕಳುಹಿಸಿದನು. ಬಹುಮಾನ ಬಂದಿತು, ಜೊತೆಗೆ, ಈ ವಾದದಲ್ಲಿ ಬಿಗಿ ಸಾಲದೆಂಬ ಟೀಕೆಯೂ ಬಂದಿತು, ಮತ್ತೂ ಅಚ್ಚಾಗಲಿಲ್ಲ. ಬಹುಮಾನ ಕೊಟ್ಟು ಪುಸ್ತಕವನ್ನು ಬೀರುವಿನಲ್ಲಿಡುವುದು ಯಾವ ನ್ಯಾಯವೋ ನಾನರಿಯೆ. ಪ್ಯಾರಿಸಿನಿಂದ ದೂರ ಬೆಟ್ಟದ ಜಿಲ್ಲೆಯಲ್ಲಿ ಕಡತಗಳಿಗೆ ಸಹಿ ಮಾಡುತ್ತ ಕುಳಿತವನಿಗೆ ಅದು ಎಷ್ಟು ಕುದಿದಿರಬೇಕು!

1815ರಲ್ಲಿ ನೆಪೋಲಿಯನ್ನನು ಎಲ್ಬಾ ದ್ವೀಪದಿಂದ ತಪ್ಪಿಸಿಕೊಂಡು ಬಂದನು. ಅವನು ಬಂದ ದಾರಿ ಗ್ರೆನೋಬಲ್ಲಿನ ಮೂಲಕವೇ. ಫೂರಿಯೇ ಆಗ ದೊರೆಯ ಅಧಿಕಾರಿ. ಹಳೆಯ ಒಡೆಯನು ಒಂದು ಬಾಗಿಲಿನಿಂದ ಊರೊಳಗೆ ಬರುತ್ತಿದ್ದರೆ ಇವನು ಇನ್ನೊಂದರಿಂದ ಹೊರಟುಹೋದನು. ನೆಪೋಲಿಯನ್ನನು ಮೊದಲು ಸಿಟ್ಟಾದನು, ಆಮೇಲೆ ರೋನ್ ಜಿಲ್ಲೆಗೆ ಅಧಿಕಾರಿಯನ್ನಾಗಿ ನೇಮಿಸಿದನು; ಆ ನೂರು ದಿನಗಳು ಮುಗಿಯುವ ಮೊದಲೇ ಇವನು ರಾಜೀನಾಮೆ ಕೊಟ್ಟನು. ವೀರನ ನಡತೆಯಲ್ಲ ನಿಜ. ಎರಡು ಸಲ ಸೆರೆ ಕಂಡವನ ನಡತೆ. ದೊರೆಯಾದರೂ ಮರೆತನೆ? 1816ರಲ್ಲಿ ವಿದ್ವಾಂಸರು ಇವನನ್ನು ಅಕಾಡೆಮಿಗೆ ಆರಿಸಿದಾಗ ಹದಿನೆಂಟನೆಯ ಲೂಯಿ ಒಪ್ಪಿಗೆ ಕೊಡಲಿಲ್ಲ. ಮರುವರ್ಷ ಮತ್ತೆ ಆರಿಸಿದರು, ಆಗ ಒಪ್ಪಿದನು.

1822ರಲ್ಲಿ ಫೂರಿಯೇ ಅಕಾಡೆಮಿಯ ಕಾರ್ಯದರ್ಶಿಯಾದನು. ಅದೇ ವರ್ಷ ಶಾಖದ ಮೇಲಣ ಅವನ ದೊಡ್ಡ ಗ್ರಂಥ ಹೊರಬಂದಿತು. ಮೊದಲ ಪ್ರಬಂಧ ಓದಿ ಹದಿನೈದು ವರ್ಷವಾಗಿತ್ತು. ಲಗ್ರಾಂಜನು ತೀರಿಕೊಂಡು ಒಂಬತ್ತು ವರ್ಷ. ಅಧಿಕಾರ ಕೈಗೆ ಬಂದ ಮೇಲೆ ಇವನು 1811ರ ಬಹುಮಾನದ ಪ್ರಬಂಧವನ್ನೂ ಬೀರುವಿನಿಂದ ತೆಗೆಸಿ, ಒಂದಕ್ಷರ ಬದಲಾಯಿಸದೆ ಅಕಾಡೆಮಿಯ ಸಂಪುಟಗಳಲ್ಲಿ ಅಚ್ಚು ಹಾಕಿಸಿದನು! ಇದನ್ನು ಓದಿದಾಗ ನನಗೆ ಬಹಳ ಸಂತೋಷವಾಯಿತೆಂದು ಮುಚ್ಚಿಡುವುದಿಲ್ಲ. 1807ರ ಮೂಲ ಪ್ರಬಂಧವಾದರೋ ಪೂರ್ಣವಾಗಿ ಅಚ್ಚಾದದ್ದು 1972ರಲ್ಲಿ.

ಹೆಣ್ಣೆಂಬ ಕಾರಣಕ್ಕೆ ಅಕಾಡೆಮಿಯ ಸಭೆಗಳಿಗೆ ಬರಲಾಗದಿದ್ದ ಸೋಫೀ ಜರ್ಮೇನ್ ಎಂಬ ಗಣಿತಜ್ಞೆಗೆ ಅಲ್ಲಿ ಸ್ಥಳ ದೊರಕಿಸಿದವನು ಫೂರಿಯೇ. ಭೂಮಿಯು ಏಕೆ ಇಷ್ಟು ಬೆಚ್ಚಗಿದೆಯೆಂದು ವಿಚಾರ ಮಾಡಿ, ಗಾಳಿಯ ಹೊದಿಕೆಯು ಬಿಸಿಲನ್ನು ಒಳಗೆ ಬಿಟ್ಟಷ್ಟು ಸುಲಭವಾಗಿ ನೆಲದ ಶಾಖವನ್ನು ಹೊರಕ್ಕೆ ಬಿಡುವುದಿಲ್ಲವೆಂದು 1824ರಲ್ಲಿ ಬರೆದವನೂ ಅವನೇ. ಅದು ಬೇರೆಯೇ ಒಂದು ಲೇಖನದ ವಿಷಯ. ಇನ್ನು ವಿಧಿಯ ಅಣಕವನ್ನು ನೋಡಿ. 1830ರಲ್ಲಿ ಗಾಲ್ವಾ ಎಂಬ ಹದಿನೆಂಟರ ಯುವಕನು ಬಹುಮಾನಕ್ಕೆಂದು ಕಳುಹಿಸಿದ ಪ್ರಬಂಧವು ಕಾರ್ಯದರ್ಶಿಯಾದ ಫೂರಿಯೇಯ ಕೈ ಸೇರಿತು. ಮೇ ತಿಂಗಳ ಮೊದಲಲ್ಲಿ ಫೂರಿಯೇ ಮೆಟ್ಟಿಲಿನಿಂದ ಬಿದ್ದನು. 16ರಂದು ಪ್ಯಾರಿಸಿನಲ್ಲಿ ಕಾಲವಾದನು. ಅವನ ಕಾಗದಗಳಲ್ಲಿ ಆ ಪ್ರಬಂಧ ಸಿಕ್ಕಲೇ ಇಲ್ಲ. ತನ್ನ ಬರಹ ಬೀರುವಿನಲ್ಲಿ ಕೊಳೆತದ್ದಕ್ಕೆ ನೊಂದವನ ಮನೆಯಲ್ಲಿಯೇ ಇನ್ನೊಬ್ಬ ಪ್ರತಿಭಾವಂತನ ಬರಹ ಕಳೆದುಹೋಯಿತು. ಫೂರಿಯೇ ಮದುವೆಯಾಗಿರಲಿಲ್ಲ. ಪೇರ್ ಲಾಶೇಜ್ ಸ್ಮಶಾನದಲ್ಲಿ ಅವನ ಸಮಾಧಿಯಿದೆ. ಅದರ ಅಲಂಕಾರ ಈಜಿಪ್ಟ್ ಶೈಲಿಯದು. ಐಫೆಲ್ ಗೋಪುರದಲ್ಲಿ ಕೆತ್ತಿರುವ 72 ಹೆಸರುಗಳಲ್ಲಿ ಅವನದೂ ಒಂದು.

ಫೂರಿಯೇ ಬರೆದದ್ದು ಕಬ್ಬಿಣದ ಬಿಸಿಯನ್ನು ಕುರಿತು. ಅದು ಅಜ್ಜಿಯ ಕಿವಿಗೆ ಬಂದ ದಾರಿ ದೊಡ್ಡದು. ನಾನು ಬೇಗ ಬೇಗ ನಡೆಯುತ್ತೇನೆ. ಲಗ್ರಾಂಜನ ಸಂಶಯಕ್ಕೆ, ಫೂರಿಯೇಯನ್ನು ಪ್ಯಾರಿಸಿನಲ್ಲಿ ಕಂಡಿದ್ದ ಡಿರಿಕ್ಲೆ ಎಂಬ ತರುಣನು 1829ರಲ್ಲಿ ಗಟ್ಟಿಯಾದ ಉತ್ತರ ಕೊಟ್ಟನು. 1843ರಲ್ಲಿ ಜರ್ಮನಿಯ ಓಮ್ ಎಂಬವನು, ನಮ್ಮ ಕಿವಿಯು ಶಬ್ದವನ್ನು ಫೂರಿಯೇ ಹೇಳಿದಂತೆಯೇ ಶುದ್ಧ ಕಂಪನಗಳಾಗಿ ಬಿಡಿಸಿ ಕೇಳುತ್ತದೆಂದು ವಾದಿಸಿದನು. ಹೆಲ್ಮ್‌ಹೋಲ್ಟ್ಸ್ 1863ರ ಗ್ರಂಥದಲ್ಲಿ ಅದನ್ನು ಬೆಳೆಸಿದನು. ಹಾಗಾದರೆ ಕಿವಿ ಮಾಡುವುದನ್ನು ಯಂತ್ರವೂ ಮಾಡಬಹುದಷ್ಟೆ. ಅಡ್ಡ ನಿಂತದ್ದು ಹೊತ್ತು.

ಎಷ್ಟು ಹೊತ್ತೆಂದು ನೋಡೋಣ. ಕಿವಿಯಂತ್ರದ ಮೈಕಿನ ಮೇಲೆ ಶಬ್ದ ಬಿದ್ದಾಗ ಅದರ ಏರಿಳಿತವನ್ನು ಸೆಕೆಂಡಿಗೆ, ಉದಾಹರಣೆಗೆ, 16,000 ಸಲ ಅಳೆದು ಅಂಕಿಗಳನ್ನಾಗಿ ಮಾಡುತ್ತಾರೆನ್ನಿ. ಅಷ್ಟೇಕೆಂದರೆ, ಹಿಡಿಯಬೇಕಾದ ಅತ್ಯಂತ ಎತ್ತರದ ಕಂಪನದ ಎರಡರಷ್ಟಾದರೂ ಸಲ ಅಳೆಯಬೇಕು. 16,000 ಅಳತೆಯಲ್ಲಿ 8,000 ಕಂಪನದವರೆಗೆ ಹಿಡಿಯಬಹುದು. ಸಕಾರ ಬಹುಮಟ್ಟಿಗೆ ಸಿಕ್ಕಿತು. 128 ಅಂಕಿಗಳ ಒಂದು ಕಂತು 8 ಮಿಲಿಸೆಕೆಂಡಿನಲ್ಲಿ ತುಂಬುತ್ತದೆ. ಅದನ್ನು ಫೂರಿಯೇಯ ದಾರಿಯಲ್ಲಿ ನೇರವಾಗಿ ಬಿಡಿಸಿದರೆ 128ನ್ನು 128ರಿಂದ ಗುಣಿಸಿದಷ್ಟು, ಅಂದರೆ 16,384 ಗುಣಾಕಾರಗಳು. ಅವು ಮುಗಿಯುವುದರೊಳಗೆ ಮುಂದಿನ ಕಂತು ಬಾಗಿಲಲ್ಲಿ ನಿಂತಿರುತ್ತದೆ.

1965ರಲ್ಲಿ ಅಮೆರಿಕದ ಕೂಲಿ ಮತ್ತು ಟೂಕಿ ಎಂಬಿಬ್ಬರು ಒಂದು ಚುರುಕಾದ ದಾರಿಯನ್ನು ಪ್ರಕಟಿಸಿದರು. ಸಮಸಂಖ್ಯೆಯ ಸ್ಥಾನದ ಅಂಕಿಗಳನ್ನು ಒಂದು ಕಡೆ, ಬೆಸಸಂಖ್ಯೆಯವನ್ನು ಇನ್ನೊಂದು ಕಡೆ ಇಟ್ಟು ಎರಡು ಅರ್ಧಗಳನ್ನು ಬೇರೆ ಬೇರೆ ಬಿಡಿಸಿ ಜೋಡಿಸುವುದು. ಆ ಅರ್ಧಗಳನ್ನೂ ಹಾಗೆಯೇ ಅರ್ಧ ಮಾಡುವುದು. ಹೀಗೆ ಒಂದೊಂದೇ ಅಂಕಿ ಉಳಿಯುವವರೆಗೆ. 128ನ್ನು ಏಳು ಸಲ ಅರ್ಧ ಮಾಡಬಹುದು. 128ನ್ನು ಏಳರಿಂದ ಗುಣಿಸಿದರೆ 896. ಹದಿನಾರು ಸಾವಿರವು ಒಂಬೈನೂರರ ಒಳಗೆ ಇಳಿಯಿತು! ಕಂತು ದೊಡ್ಡದಾದಷ್ಟೂ ಉಳಿತಾಯ ಹೆಚ್ಚು. ತಮಾಷೆಯೆಂದರೆ, ಜರ್ಮನಿಯ ಗೌಸ್ ಈ ದಾರಿಯನ್ನು 1805ರ ಸುಮಾರಿಗೇ, ಫೂರಿಯೇ ತನ್ನ ಮೊದಲ ಪ್ರಬಂಧ ಓದುವ ಮೊದಲೇ, ಆಕಾಶದ ಕ್ಷುದ್ರಗ್ರಹಗಳ ಲೆಕ್ಕಕ್ಕಾಗಿ ಕಂಡುಕೊಂಡು ಲ್ಯಾಟಿನ್ ಭಾಷೆಯಲ್ಲಿ ಬರೆದಿಟ್ಟಿದ್ದನು. ಅವನು ಸತ್ತ ಮೇಲೆ 1866ರಲ್ಲಿ ಅದು ಅಚ್ಚಾಯಿತು. ಯಾರ ಕಣ್ಣಿಗೂ ಬೀಳಲಿಲ್ಲ. ನಾವು ಅಜ್ಜಿಯನ್ನು ಕರೆದುಕೊಂಡು ಹೋದ ಮೈಸೂರಿನ ಸಂಸ್ಥೆ ಸ್ಥಾಪನೆಯಾದದ್ದೂ 1965ರಲ್ಲಿಯೇ. ಆದರೆ ಗಣಕವು ಕಿವಿಯ ಹಿಂದೆ ಕೂರುವಷ್ಟು ಚಿಕ್ಕದಾಗಿ, ಪೂರ್ತಿ ಅಂಕಿಗಳಿಂದಲೇ ನಡೆಯುವ ಕಿವಿಯಂತ್ರ ಪೇಟೆಗೆ ಬರಲು 1996ರವರೆಗೆ ಕಾಯಬೇಕಾಯಿತು.

ಆಗಿಂದಾಗಲೇ ಮಾಡುವುದೆಂದರೆ ಏನೆಂದು ನನಗೆ ತಿಳಿದದ್ದು ನಮ್ಮ ಬೀದಿಯ ನಲ್ಲಿಯಿಂದ. ಎರಡು ಬಿಂದಿಗೆ ಇಟ್ಟುಕೊಂಡಿರುತ್ತೇವೆ. ಒಂದು ನಲ್ಲಿಯ ಕೆಳಗೆ ತುಂಬುತ್ತಿರುವಾಗ ಇನ್ನೊಂದನ್ನು ಮನೆಯ ತೊಟ್ಟಿಗೆ ಸುರಿದು ಓಡಿ ಬರಬೇಕು. ತಡವಾದರೆ ನೀರು ಚೆಲ್ಲಿತು. ಕಂಪ್ಯೂಟರಿನಲ್ಲಿಯೂ ಹೀಗೆಯೇ ಎರಡು ಪಾತ್ರೆಗಳು: ಒಂದರಲ್ಲಿ ಹೊಸ ಶಬ್ದ ತುಂಬುತ್ತಿರುತ್ತದೆ, ಇನ್ನೊಂದರ ಲೆಕ್ಕ ನಡೆದಿರುತ್ತದೆ. ಲೆಕ್ಕ ಎಷ್ಟು ಜಾಣತನದ್ದಾದರೂ 8 ಮಿಲಿಸೆಕೆಂಡು ಮೀರಿದರೆ ವ್ಯರ್ಥ. ಶಬ್ದ ಹರಿದು ಚಟಚಟ ಎನ್ನುತ್ತದೆ. ನಲ್ಲಿಯ ನೀರಿಗೆ ಇಲ್ಲದ ಇನ್ನೊಂದು ತೊಡಕುಂಟು. ಶಬ್ದವನ್ನು ಕತ್ತಿಯಿಂದ ಕಡಿದಂತೆ ಕಂತು ಮಾಡಿದರೆ, ಆ ಕಡಿದ ತುದಿಯೇ ಇಲ್ಲದ ಸ್ವರಗಳನ್ನು ಹುಟ್ಟಿಸುತ್ತದೆ. ಆದ್ದರಿಂದ ಒಂದೊಂದು ಕಂತಿನ ಎರಡು ತುದಿಗಳನ್ನೂ ಮೆಲ್ಲಗೆ ತಗ್ಗಿಸಿ, ಮಾಡಿಗೆ ಹೆಂಚು ಹೊದಿಸುವಾಗ ಮಾಡುವಂತೆ ಒಂದರ ಮೇಲೆ ಇನ್ನೊಂದನ್ನು ಸ್ವಲ್ಪ ಏರಿಸಿ ಜೋಡಿಸುತ್ತಾರೆ.

ಇಲ್ಲಿ ಫೂರಿಯೇಯ ಗಣಿತವೇ ಒಂದು ಸುಂಕ ಕೇಳುತ್ತದೆ. 8 ಮಿಲಿಸೆಕೆಂಡಿನ ಕಂತಿನಲ್ಲಿ 125 ಕಂಪನಗಳಷ್ಟು ಅಂತರವಿರುವ ಸ್ವರಗಳನ್ನು ಬೇರೆಬೇರೆಯಾಗಿ ಕಾಣಬಹುದು. ಅದಕ್ಕಿಂತ ಸೂಕ್ಷ್ಮ ಬೇಕಾದರೆ ಕಂತು ಉದ್ದವಾಗಬೇಕು, ಹೊತ್ತು ಹೆಚ್ಚಾಗಬೇಕು. ಅರ್ಧ ಮಾಡಿ 4 ಮಿಲಿಸೆಕೆಂಡಿಗೆ ಇಳಿಸಿದರೆ ಅಂತರ 250ಕ್ಕೆ ಏರುತ್ತದೆ. ಬೇಗವೂ ಬೇಕು, ಸೂಕ್ಷ್ಮವೂ ಬೇಕೆಂದರೆ ನಡೆಯದು. ಇದು ಯಂತ್ರದ ಬಡತನವಲ್ಲ, ಅಲೆಯ ಸ್ವಭಾವ. ಹೊತ್ತು ಹೆಚ್ಚಾದರೆ ಏನಾಯಿತು? ಅಜ್ಜಿ ಮಾತನಾಡಿದಾಗ ಅವಳ ಧ್ವನಿ ತಲೆಬುರುಡೆಯ ಮೂಲಕ ಒಮ್ಮೆ ಒಳಕಿವಿಗೆ ತಲುಪುತ್ತದೆ, ಯಂತ್ರದ ಮೂಲಕ ಇನ್ನೊಮ್ಮೆ. ಎರಡರ ನಡುವೆ ಸುಮಾರು 10 ಮಿಲಿಸೆಕೆಂಡಿಗಿಂತ ಹೆಚ್ಚು ಅಂತರವಾದರೆ ಸ್ವಂತ ಮಾತೇ ಬಾವಿಯಲ್ಲಿ ಆಡಿದಂತೆ ಅಸಹ್ಯವಾಗುತ್ತದೆ. ಸಂಗ್ರಹಿಸುವುದು, ಬಿಡಿಸುವುದು, ಎತ್ತುವುದು, ಕೂಡಿಸುವುದು ಇಷ್ಟಕ್ಕೂ ಅಷ್ಟರೊಳಗೇ ಜಾಗ ಹುಡುಕಬೇಕು.

ಎರಡನೆಯ ಸಲ ಮೈಸೂರಿಗೆ ಹೋದಾಗ ಅಜ್ಜಿಯ ಯಂತ್ರವನ್ನು ಅವಳ ಕಾಗದದ ಗೆರೆಗೆ ತಕ್ಕಂತೆ ಹೊಂದಿಸಿ ಕೊಟ್ಟರು. ಬಸ್ಸಿನಲ್ಲಿ ಬರುವಾಗ ಅವಳು ಸುಮ್ಮನೆ ಕುಳಿತಿದ್ದಳು. ಮನೆಗೆ ಬಂದು ಅಕ್ಕಿ ಆರಿಸುವಾಗ ಮೊರದ ಸದ್ದು ಕೇಳಿ ಕೈ ನಿಲ್ಲಿಸಿದಳು, ಮತ್ತೊಮ್ಮೆ ಕೇರಿದಳು. ಆ ಸದ್ದು ಹೋಗಿ ಎಷ್ಟು ವರ್ಷವಾಗಿತ್ತೆಂದು ಅವಳಿಗೂ ಗೊತ್ತಿರಲಿಲ್ಲ. ನಾನು ಶಾಲೆ ಎಂದೆ. ಒಲೆಯ ಕಡೆ ನೋಡಲಿಲ್ಲ. ಯಂತ್ರ ಮಾಡಿದವರಾರೆಂದು ಕೇಳಿದ್ದಕ್ಕೆ, ಮಾಡಿದವರು ಬಹಳ ಮಂದಿ, ಲೆಕ್ಕ ಹೇಳಿಕೊಟ್ಟವನು ಮಾತ್ರ ತಾಯಿತಂದೆ ಇಲ್ಲದ ಒಬ್ಬ ದರ್ಜಿಯ ಮಗನೆಂದು ಹೇಳಿದೆ. ಹುಡುಗನನ್ನು ಸಾಕಿದವರಾರೆಂದು ಕೇಳಿದಳು. ಮಠದವರೆಂದು ಹೇಳಿದ್ದಕ್ಕೆ ತೃಪ್ತಿಯಾಯಿತು.

ಈಗ ಮನೆಯಲ್ಲಿ ಅವಳಿಂದ ಗುಟ್ಟು ಮುಚ್ಚಿಡುವುದು ಕಷ್ಟವಾಗಿದೆ. ಆದರೆ ಮದುವೆ ಮನೆಗೆ ಹೊರಡುವಾಗ ಯಂತ್ರವನ್ನು ಡಬ್ಬಿಯಲ್ಲಿಟ್ಟು ಹೋಗುತ್ತಾಳೆ. ಫೂರಿಯೇಯ ಲೆಕ್ಕವು ಸ್ವರದಿಂದ ಸ್ವರವನ್ನು ಬೇರ್ಪಡಿಸುತ್ತದೆಯೇ ಹೊರತು ಜನರಿಂದ ಜನರನ್ನಲ್ಲ. ನೂರು ಮಂದಿಯ ಮಾತೂ ಅವವೇ ಸ್ವರಗಳಲ್ಲಿ ಬಂದು ಬೀಳುತ್ತದೆ. ಎದುರಿಗೆ ಕುಳಿತ ತಂಗಿಯ ಸಕಾರ ಯಾವುದು, ಪಂಕ್ತಿಯ ಆ ತುದಿಯಲ್ಲಿ ಅನ್ನ ಬಡಿಸುವವನ ಸಕಾರ ಯಾವುದು ಎಂದು ಅದು ಹೇಳಲಾರದು. ಈಚಿನ ಯಂತ್ರಗಳಲ್ಲಿ ಇದಕ್ಕೂ ಕೆಲವು ಉಪಾಯಗಳು ಬಂದಿವೆಯಂತೆ. ಅಜ್ಜಿಯದರಲ್ಲಿ ಅವಿಲ್ಲ, ಅವಳು ಮದುವೆ ಮನೆಯಲ್ಲಿ ತಂಗಿಯ ಕೈ ಹಿಡಿದುಕೊಂಡು, ಮುಖ ನೋಡುತ್ತ ಕುಳಿತಿರುತ್ತಾಳೆ.